ಟಾರು ರಸ್ತೆ: ಪ್ರತಿ ಮಳೆಗಾಲ ಅದೇ ಜಾಗದಲ್ಲಿ ಹೊಂಡ ಬೀಳುವುದೇಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮುಖ್ಯರಸ್ತೆಯಿಂದ ಊರಿಗೆ ಒಂದೂಕಾಲು ಕಿಲೋಮೀಟರ್ ಟಾರು ರಸ್ತೆ. ಟಾರು ಹಾಕಿ ನಾಲ್ಕು ವರ್ಷ ಆಯ್ತು. ಮೊದಲ ಎರಡು ಮಳೆಗಾಲ ಚೆನ್ನಾಗಿತ್ತು. ಆಮೇಲೆ ಧರೆ ಪಕ್ಕದ ತಿರುವಿನಲ್ಲಿ, ಮೋರಿ ಹತ್ತಿರ, ಬಿದಿರು ಮೆಳೆಯ ಕೆಳಗೆ, ಹೀಗೆ ಮೂರು ಕಡೆ ಹೊಂಡ ಬಿದ್ದವು. ಪ್ರತಿ ವರ್ಷ ಕೆಂಪು ಮಣ್ಣು, ಹೆಂಚಿನ ಚೂರು ತುಂಬುತ್ತೇವೆ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಹೋದ ವರ್ಷ ಊರಿನ ಹುಡುಗರು ಹಣ ಸೇರಿಸಿ ಕಾಂಕ್ರೀಟ್ ಹಾಕಿದರು. ಕಾಂಕ್ರೀಟ್ ಹಾಗೇ ನಿಂತಿದೆ, ಸುತ್ತಲಿನ ಟಾರು ಕಿತ್ತು ಹೋಗಿದೆ. ಈಗ ಚೀಲದಲ್ಲಿ ಸಿಗುವ ರೆಡಿಮೇಡ್ ಟಾರು ಮಿಕ್ಸ್ ತರೋಣ ಅಂತಿದ್ದಾರೆ. ಕೆಲವರು ಕಂಟ್ರಾಕ್ಟರ್ ಟಾರು ಕಡಿಮೆ ಹಾಕಿದ್ದಾನೆ ಅಂತಾರೆ. ಇನ್ನು ಕೆಲವರು ಮಲೆನಾಡಿಗೆ ಟಾರು ಆಗಿಬರೋದಿಲ್ಲ, ಇಡೀ ರಸ್ತೆ ಕಾಂಕ್ರೀಟ್ ಮಾಡಿಸಬೇಕು ಅಂತಾರೆ. ಶಾಲೆ ವ್ಯಾನಿನವರು ಇನ್ನು ಒಳಗೆ ಬರೋದಿಲ್ಲ ಅಂದಿದ್ದಾರೆ. ನೀರಲ್ಲಿ ಹೋಮ ಮಾಡಿದ ಹಾಗೆ ಆಗದಂತೆ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು "ನಾಲ್ಕು ವರ್ಷ" ಅನ್ನುವ ಮಾತಿನ ಮೇಲೆ. ಹಾಗಾಗಿ ಟಾರಿಗಿಂತ ಮೊದಲು ಕಾಗದದ ಕೆಲಸ ಹೇಳಿಬಿಡುತ್ತೇನೆ. ರಸ್ತೆ ಶುರುವಾಗುವ ಕಡೆ ಒಂದು ಬೋರ್ಡ್ ಇರಬೇಕು. ಬಳ್ಳಿ ಹಬ್ಬಿದ್ದರೆ ಸರಿಸಿ ಓದಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾಗಿದ್ದರೆ, ಕೆಲಸ ಮುಗಿದ ಮೇಲೆ 5 ವರ್ಷ ಅದರ ನಿರ್ವಹಣೆ ಗುತ್ತಿಗೆದಾರರ ಹೊಣೆ. ಹೊಂಡ ಮುಚ್ಚುವುದು, ಚರಂಡಿ ಬಿಡಿಸುವುದು, ಅಂಚಿನ ಮಣ್ಣು ಸರಿ ಮಾಡುವುದು ಎಲ್ಲವೂ ಅದರಲ್ಲಿ ಬರುತ್ತದೆ. ಅಂದರೆ ನಿಮಗೆ ಇನ್ನೂ ಒಂದು ವರ್ಷದ ಹಕ್ಕು ಉಳಿದಿರಬಹುದು. ಆ ಯೋಜನೆಯ ರಸ್ತೆಗಳ ದೂರಿಗೆ ಮೊಬೈಲಿನಲ್ಲಿ "ಮೇರಿ ಸಡಕ್" ಆ್ಯಪ್ ಇದೆ. ಹೊಂಡದ ಫೋಟೊ ತೆಗೆದು ಅಲ್ಲೇ ಹಾಕಬಹುದು.

ಬೇರೆ ಯೋಜನೆಯ ರಸ್ತೆಯಾದರೂ ಗುತ್ತಿಗೆಯಲ್ಲಿ ಇಂತಿಷ್ಟು ಕಾಲದ ಹೊಣೆ ಅಂತ ಬರೆದಿರುತ್ತಾರೆ. ತಾಲ್ಲೂಕಿನ ಪಂಚಾಯತ್ ರಾಜ್ ಇಂಜಿನಿಯರಿಂಗ್ ಕಚೇರಿಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನಿಮ್ಮ ರಸ್ತೆಯ ಎಸ್ಟಿಮೇಟ್, ಎಂ.ಬಿ. ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ನಕಲು, ಗುಣಮಟ್ಟ ಪರೀಕ್ಷೆಯ ವರದಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಇದನ್ನೇ ಯಾಕೆ ಮೊದಲು ಹೇಳಿದೆ ಅಂದರೆ, ಊರಿನವರು ಒಳ್ಳೇ ಮನಸ್ಸಿನಿಂದ ರಸ್ತೆ ಅಗೆದು ಏನಾದರೂ ತುಂಬಿದ ಮೇಲೆ "ಬೇರೆಯವರು ಕೈ ಹಾಕಿದ್ದಾರೆ, ನನ್ನ ಹೊಣೆ ಅಲ್ಲ" ಅನ್ನಲು ಗುತ್ತಿಗೆದಾರರಿಗೆ ದಾರಿ ಆಗುತ್ತದೆ. ಹೋದ ವರ್ಷದ ಕಾಂಕ್ರೀಟಿನಿಂದ ಆ ಮಾತು ಈಗಲೇ ಬರಬಹುದು. ಆದ್ದರಿಂದ ಮುಂದೆ ಏನೇ ಮಾಡುವ ಮೊದಲು ದಿನಾಂಕ ಕಾಣುವ ಹಾಗೆ ಫೋಟೊ ತೆಗೆಯಿರಿ. ಗ್ರಾಮ ಪಂಚಾಯತಿಯ ಪಿಡಿಒ ಅವರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಈಗ ರಸ್ತೆಗೆ ಬರೋಣ.

"ಮಲೆನಾಡಿಗೆ ಟಾರು ಆಗಿಬರೋದಿಲ್ಲ" ಅನ್ನುವ ಮಾತನ್ನು ನಾನು ಕೆಲಸ ಮಾಡಿದ ಎಲ್ಲ ಕಡೆ ಕೇಳಿದ್ದೇನೆ. ಅರ್ಧ ನಿಜ. ಟಾರು ನೀರಿಗೆ ಕರಗುವುದಿಲ್ಲ. ತಾರಸಿ ಸೋರದಿರಲಿ ಅಂತ ಹಚ್ಚುವುದೂ ಅದೇ ಜಾತಿಯ ವಸ್ತುವನ್ನೇ ಅಲ್ವಾ? ತೊಂದರೆ ಇರುವುದು ಟಾರು ಮತ್ತು ಕಲ್ಲಿನ ನಡುವಿನ ಅಂಟಿನಲ್ಲಿ. ನಮ್ಮ ಕಡೆ ಕ್ರಷರ್‌ನಲ್ಲಿ ಒಡೆಯುವ ಕಲ್ಲು ಹೆಚ್ಚಾಗಿ ಗ್ರಾನೈಟ್ ಜಾತಿಯದು. ಈ ಕಲ್ಲಿಗೆ ಟಾರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ತಿಂಗಳುಗಟ್ಟಲೆ ನೆನೆದರೆ ನೀರು ಸಂದಿಯಲ್ಲಿ ಸೇರಿಕೊಂಡು ಟಾರನ್ನು ಕಲ್ಲಿನಿಂದ ಬಿಡಿಸುತ್ತದೆ. ಮೇಲೆ ಲಾರಿ ಹೋದಾಗ ಒಳಗಿನ ನೀರಿಗೆ ಓಡಲು ಜಾಗ ಇರುವುದಿಲ್ಲ. ಚಕ್ರ ಒತ್ತಿದಾಗ ಅದು ರಭಸದಿಂದ ಚಿಮ್ಮುತ್ತದೆ, ಚಕ್ರ ದಾಟಿದ ಮೇಲೆ ಮತ್ತೆ ಒಳಗೆ ಎಳೆಯುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಮಣ್ಣು, ಪುಡಿ ಹೊರಗೆ ಬರುತ್ತದೆ. ಮಳೆಯಲ್ಲಿ ಬಿರುಕಿನಿಂದ ಕೆಂಪು ನೀರು ಉಕ್ಕುವುದನ್ನು ನೀವು ನೋಡಿರುತ್ತೀರಿ. ಅದು ರಸ್ತೆಯ ಬುಡದ ಮಣ್ಣು. ಬುಡ ಟೊಳ್ಳಾದ ಮೇಲೆ ಟಾರು ಕುಸಿಯುತ್ತದೆ. ಹೊಂಡ ಕಾಣಿಸುವುದು ಆಗ. ಆದರೆ ಅದು ಶುರುವಾಗಿ ಬಹಳ ದಿನ ಆಗಿರುತ್ತದೆ.

ಇನ್ನೊಂದು ವಿಷಯ ಊರಿನವರಿಗೆ ಯಾರೂ ಹೇಳುವುದಿಲ್ಲ. ಹಳ್ಳಿ ರಸ್ತೆಯ ಮೇಲಿನ ಟಾರು ಪದರ ಸಾಮಾನ್ಯವಾಗಿ ಬರೀ 2 ಸೆಂ.ಮೀ ದಪ್ಪ. ಭಾರ ಹೊರುವುದು ಅದರ ಕೆಳಗಿನ ಜಲ್ಲಿ. ಟಾರಿನ ಕೆಲಸ ಜಲ್ಲಿಗೆ ನೀರು ಇಳಿಯದ ಹಾಗೆ ಮುಚ್ಚುವುದು. ಆ 2 ಸೆಂ.ಮೀ ಪದರ ಸಣ್ಣ ಸಣ್ಣ ಸಂದುಗಳಿರುವ ಮಿಶ್ರಣ. ಅದರ ಮೇಲೆ ಸೀಲ್ ಕೋಟ್ ಅಂತ ಒಂದು ತೆಳು ಹೊದಿಕೆ ಹಾಕಿದರೆ ಮಾತ್ರ ನೀರು ತಡೆಯುತ್ತದೆ. ಸೀಲ್ ಕೋಟ್ ಸವೆದ ಮೇಲೆ ರಸ್ತೆ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ನೀರು ಕುಡಿಯುತ್ತಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ ಮೇಲೆ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಎರಡೂ ಕಡೆ ಒಂದೇ ಥರದ ತೆಳು ಟಾರು ಹಾಕಿ ಒಂದೇ ಥರ ಬಾಳಿಕೆ ಬರಲಿ ಅನ್ನುವುದು ಆಗದ ಮಾತು. ಹಾಗಂತ ಮಳೆ ಜಾಸ್ತಿ ಇರುವ ಕಡೆ ಟಾರು ನಿಲ್ಲುವುದೇ ಇಲ್ಲ ಅಂತಲ್ಲ. ಆಗುಂಬೆಯ ಸುತ್ತಮುತ್ತಲೇ ವರ್ಷಗಟ್ಟಲೆ ಗಟ್ಟಿಯಾಗಿ ನಿಂತ ಟಾರು ರಸ್ತೆ ನೋಡಿದ್ದೇನೆ. ಅಲ್ಲಿ ಗಾಡಿ ನಿಲ್ಲಿಸಿ ಪಕ್ಕದ ಚರಂಡಿ ನೋಡಿದರೆ ಕಾರಣ ಗೊತ್ತಾಗುತ್ತದೆ.

ಕಂಟ್ರಾಕ್ಟರ್ ಟಾರು ಕಡಿಮೆ ಹಾಕಿದ್ದಾರಾ? ಇಲ್ಲಿಂದ ನಾನು ಹೌದು ಅಥವಾ ಇಲ್ಲ ಅನ್ನಲಾರೆ. ಆದರೆ ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಟಾರು ಕಡಿಮೆಯಾಗಿದ್ದರೆ ಒಂದೂಕಾಲು ಕಿಲೋಮೀಟರಿನ ಉದ್ದಕ್ಕೂ ಜಲ್ಲಿ ಉದುರಬೇಕಿತ್ತು. ಬಿಸಿಲು ಬೀಳುವ ಕಡೆ, ಏರು ಇರುವ ಕಡೆ, ಎಲ್ಲ ಕಡೆಯೂ. ನೀವು ಹೇಳಿದ್ದು ಮೂರು ಜಾಗ. ಮೂರೂ ನೀರು ಇರುವ ಜಾಗ: ಧರೆ, ಮೋರಿ, ಮೆಳೆ. ಹಾಗಾಗಿ ನನ್ನ ಮೊದಲ ಅನುಮಾನ ನೀರಿನ ಮೇಲೆ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಹೊಂಡದ ಅಂಚಿನಿಂದ ಒಂದು ಸಣ್ಣ ಜಲ್ಲಿ ಕಿತ್ತು, ತೊಳೆದು, ಅಂಗೈಲಿ ಇಟ್ಟು ನೋಡಿ. ಕಲ್ಲು ತೊಳೆದ ಹಾಗೆ ಬೆಳ್ಳಗಾಗಿ, ಒಂದೆರಡು ಕಡೆ ಮಾತ್ರ ಕಪ್ಪು ಚುಕ್ಕೆ ಉಳಿದಿದ್ದರೆ ನೀರು ಟಾರನ್ನು ಬಿಡಿಸಿದೆ ಅಂತ ಅರ್ಥ. ಕಲ್ಲು ಪೂರ್ತಿ ಕಪ್ಪಾಗಿದ್ದು, ಟಾರು ಕೈಗೆ ಸ್ವಲ್ಪವೂ ಅಂಟದೆ ಉಗುರಿನಲ್ಲಿ ಕೆರೆದರೆ ಪುಡಿಯಾದರೆ, ಹಾಕುವಾಗ ಟಾರನ್ನು ಜಾಸ್ತಿ ಕಾಸಿ ಸುಟ್ಟಿರಬಹುದು. ಕಲ್ಲಿನ ಮೇಲೆ ಟಾರಿನ ಅಡಿಯಲ್ಲಿ ಮಣ್ಣಿನ ಪುಡಿ ಮೆತ್ತಿದ್ದರೆ ಕೊಳಕು ಜಲ್ಲಿ ಬಳಸಿದ್ದಾರೆ. ಇವೆರಡು ಕೆಲಸದ ತಪ್ಪು, ಇದನ್ನು ದೂರಿನಲ್ಲಿ ಬರೆಯಬಹುದು. ಇನ್ನು ಹೊಂಡದ ತಳಕ್ಕೆ ಹಾರೆ ಚುಚ್ಚಿ ನೋಡಿ. ಠಣ್ ಅಂದು ನಿಂತರೆ ಬುಡ ಗಟ್ಟಿ ಇದೆ, ಮೇಲಿನ ತೇಪೆ ಸಾಕು. ಸುಲಭವಾಗಿ ಗೇಣುದ್ದ ಇಳಿದರೆ ಮೇಲೆ ಚಿನ್ನ ಸುರಿದರೂ ನಿಲ್ಲುವುದಿಲ್ಲ.

ಮತ್ತೊಂದು ಕೆಲಸ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಜೋರು ಮಳೆ ಬರುವಾಗ ಕೊಡೆ ಹಿಡಿದು ಅರ್ಧ ಗಂಟೆ ಆ ಮೂರು ಜಾಗದಲ್ಲಿ ನಿಲ್ಲಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ರಸ್ತೆ ದಾಟುತ್ತದೆ ನೋಡಿ, ಸುಣ್ಣದಲ್ಲಿ ಗುರುತು ಮಾಡಿ. ಮಳೆ ಎರಡು ದಿನ ಹೊಳವಾದ ಮೇಲೆ ಮತ್ತೆ ಹೋಗಿ. ಎಲ್ಲ ಕಡೆ ಒಣಗಿದ್ದೂ ಒಂದು ಜಾಗ ಮಾತ್ರ ಒದ್ದೆ ಇದ್ದರೆ ಅಲ್ಲಿ ಜಲ ಏಳುತ್ತಿದೆ. ನಿಮ್ಮ ಧರೆ ಪಕ್ಕದ ತಿರುವು ಹೀಗೇ ಇರಬಹುದು ಅಂತ ನನ್ನ ಊಹೆ. ಪುನರ್ವಸು, ಪುಷ್ಯ ಮಳೆ ಹೊಯ್ದ ಮೇಲೆ ಗುಡ್ಡದ ಒಳಗೆ ಇಳಿದ ನೀರು ಧರೆಯ ಬುಡದಲ್ಲಿ ಹೊರಗೆ ಬರುತ್ತದೆ. ಅಲ್ಲಿ ಚರಂಡಿ ಆಳ ಇಲ್ಲದಿದ್ದರೆ ನೇರ ರಸ್ತೆಯ ಜಲ್ಲಿಯೊಳಗೆ ನುಗ್ಗುತ್ತದೆ. ಮೇಲಿನ ಟಾರು ಎಷ್ಟು ಚೆನ್ನಾಗಿದ್ದರೂ ಕೆಳಗಿನಿಂದ ಬರುವ ನೀರನ್ನು ತಡೆಯಲಾರದು.

ಇದಕ್ಕೆ ಮದ್ದು ಧರೆ ಬದಿಯಲ್ಲಿ ಒಂದು ಕಣಿ. ಒಂದೂವರೆ ಅಡಿ ಅಗಲ, ಎರಡೂವರೆಯಿಂದ ಮೂರು ಅಡಿ ಆಳ. ರಸ್ತೆಯ ಜಲ್ಲಿ ಪದರದ ತಳಕ್ಕಿಂತ ಕಣಿಯ ತಳ ಕೆಳಗೆ ಇರಬೇಕು, ಇಲ್ಲದಿದ್ದರೆ ತೆಗೆದೂ ಪ್ರಯೋಜನ ಇಲ್ಲ. ಒಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ ಪೈಪ್ ಇಟ್ಟು, ಜಲ್ಲಿ ತುಂಬಿ, ಮೇಲೆ ಬಟ್ಟೆ ಮಡಚಬೇಕು. ಬಟ್ಟೆ ಇಲ್ಲದೆ ಬರೀ ಜಲ್ಲಿ ತುಂಬಿದರೆ ಕೆಲವು ಮಳೆಗಾಲದಲ್ಲೇ ಮಣ್ಣು ಸೇರಿ ಮುಚ್ಚಿಹೋಗುತ್ತದೆ. ಪೈಪಿನ ಬಾಯಿ ಮೋರಿಗೋ ಕೆಳಗಿನ ಹಳ್ಳಕ್ಕೋ ಬಿಡಬೇಕು. ಒಂದು ಎಚ್ಚರಿಕೆ: ಮಳೆಗಾಲದಲ್ಲಿ ದಯವಿಟ್ಟು ಧರೆಯ ಬುಡ ಅಗೆಯಬೇಡಿ. ನೆನೆದ ಧರೆ ಬುಡ ಸಡಿಲವಾದ ಕೂಡಲೇ ಜರಿಯುತ್ತದೆ, ಕೆಳಗೆ ಕೆಲಸ ಮಾಡುವವರ ಮೇಲೇ ಬೀಳುತ್ತದೆ. ಈ ಕೆಲಸಕ್ಕೆ ಜನವರಿ, ಫೆಬ್ರುವರಿ ಸರಿ. ಆಗಲೂ ಇಡೀ ಉದ್ದ ಒಟ್ಟಿಗೆ ಅಗೆಯದೆ ತುಂಡು ತುಂಡಾಗಿ ಅಗೆದು ತುಂಬುತ್ತಾ ಹೋಗಬೇಕು.

ಮೋರಿ ಹತ್ತಿರದ ಹೊಂಡದ ಕಥೆ ಬೇರೆ. ಮೋರಿ ಕಟ್ಟಿದ ಮೇಲೆ ಎರಡೂ ಬದಿ ಮಣ್ಣು ತುಂಬುತ್ತಾರೆ. ಪದರ ಪದರವಾಗಿ ದಿಮ್ಮಸು ಮಾಡದೆ ಒಂದೇ ಸಲ ಸುರಿದರೆ ಅದು ಎರಡು ಮೂರು ವರ್ಷ ಕೂರುತ್ತಲೇ ಇರುತ್ತದೆ. ಮೋರಿಯ ಗೋಡೆ ಕೂರುವುದಿಲ್ಲ, ಪಕ್ಕದ ಮಣ್ಣು ಕೂರುತ್ತದೆ. ಅಲ್ಲಿ ಟಾರು ಸೀಳುತ್ತದೆ. ಮೋರಿ ಬಾಯಲ್ಲಿ ಅಡಿಕೆ ಸೋಗೆ, ಕಸ ಸಿಕ್ಕಿಕೊಂಡು ನೀರು ರಸ್ತೆ ಮೇಲೆ ಹತ್ತುವುದೂ ಉಂಟು. ಎರಡನೆಯದಾದರೆ ಖರ್ಚಿಲ್ಲ, ಮಳೆಗೆ ಮೊದಲೊಮ್ಮೆ, ಮಳೆ ನಡುವೆ ಒಂದೆರಡು ಸಲ ಬಿಡಿಸಿದರೆ ಆಯ್ತು.

ಬಿದಿರು ಮೆಳೆಯ ಕೆಳಗೆ ಬಿಸಿಲು ಬೀಳುವುದಿಲ್ಲ, ಎಲೆ ಉದುರುತ್ತದೆ, ಮಳೆ ನಿಂತ ಮೇಲೂ ಹನಿ ಬೀಳುತ್ತಲೇ ಇರುತ್ತದೆ. ಉದುರಿದ ಎಲೆ ಕೊಳೆತು, ಹುಲ್ಲು ಬೆಳೆದು, ರಸ್ತೆ ಅಂಚಿನ ಮಣ್ಣು ವರ್ಷ ವರ್ಷ ಎತ್ತರ ಆಗುತ್ತದೆ. ಕೊನೆಗೆ ಟಾರಿಗಿಂತ ಅಂಚೇ ಮೇಲೆ. ಆಗ ಮಳೆನೀರು ಚರಂಡಿಗೆ ಹೋಗುವ ಬದಲು ಟಾರಿನ ಅಂಚಿನಲ್ಲೇ ನಿಲ್ಲುತ್ತದೆ. ಮಲೆನಾಡಿನ ಹಳ್ಳಿ ರಸ್ತೆ ಹಾಳಾಗುವುದರಲ್ಲಿ ಇದರ ಪಾಲು ದೊಡ್ಡದು. ಸರಿ ಮಾಡಲು ಬೇಕಾಗುವುದು ಗುದ್ದಲಿ ಮತ್ತು ಒಂದು ದಿನದ ಆಳು. ಅಂಚಿನ ಮಣ್ಣು ಕೆರೆದು ಟಾರಿಗಿಂತ ಕೆಳಗೆ ತಂದು ಚರಂಡಿ ಕಡೆ ಇಳಿಜಾರು ಕೊಡಿ. ಕೆರೆದ ಮಣ್ಣನ್ನು ಚರಂಡಿಗೆ ತಳ್ಳಬೇಡಿ, ಹೊತ್ತು ಹಾಕಿ. ಹಾಗೇ ಮನೆ ಗೇಟಿಗೆ ದಾರಿ ಮಾಡಲು ಚರಂಡಿಗೆ ಮಣ್ಣು ತುಂಬಿ ನಾಲ್ಕಿಂಚಿನ ಪೈಪ್ ಇಟ್ಟವರು ಇದ್ದರೆ ಅವರ ಜೊತೆ ಕೂತು ಮಾತಾಡಿ. ನಮ್ಮ ಮಳೆಗೆ ನಾಲ್ಕಿಂಚು ಯಾವ ಮೂಲೆಗೂ ಸಾಲದು. ಅಲ್ಲಿ ಕಲ್ಲು ಚಪ್ಪಡಿ ಅಥವಾ ದೊಡ್ಡ ಸಿಮೆಂಟ್ ಪೈಪ್ ಬೇಕು.

ರಸ್ತೆಯ ನಡು ಎತ್ತರ ಇದೆಯಾ ಅಂತಲೂ ನೋಡಿ. ಹಳ್ಳಿ ಟಾರು ರಸ್ತೆ ಸಾಮಾನ್ಯವಾಗಿ 3.75 ಮೀಟರ್ ಅಗಲ. ಮಳೆ ಜಾಸ್ತಿ ಇರುವ ಕಡೆ ನಡುಭಾಗ ಅಂಚಿಗಿಂತ ಸುಮಾರು 6 ಸೆಂ.ಮೀ ಎತ್ತರ ಇರಬೇಕು. ನೇರ ಇರುವ ಜಾಗದಲ್ಲಿ ಎರಡು ಅಂಚಿಗೂ 10 ಸೆಂ.ಮೀ ಎತ್ತರದ ಇಟ್ಟಿಗೆ ಇಟ್ಟು ಅಡ್ಡಕ್ಕೆ ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರಕ್ಕೂ ಟಾರಿಗೂ 4 ಸೆಂ.ಮೀ ಅಂತರ ಬಂದರೆ ಸರಿ. ಎಂಟೊಂಬತ್ತು ಬಂದರೆ ರಸ್ತೆ ಚಪ್ಪಟೆ, ನೀರು ಹರಿಯುವುದಿಲ್ಲ. ತಿರುವಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಒಂದೇ ಕಡೆಗೆ ಇಳಿಜಾರು ಇರುತ್ತದೆ.

ಈಗ ಹುಡುಗರು ತರಬೇಕು ಅಂತಿರುವ ಚೀಲದ ಮಿಕ್ಸ್. ಮೋಸದ ವಸ್ತು ಅಲ್ಲ. ಬಿಸಿ ಮಾಡದೆ, ಮಳೆಗಾಲದಲ್ಲೂ ಹಾಕಲು ಬರುವ ಮಿಶ್ರಣ ಅದು. ಅದಕ್ಕೆ ಭಾರತೀಯ ರೋಡ್ ಕಾಂಗ್ರೆಸ್ಸಿನ ಐಆರ್‌ಸಿ 116 ಅನ್ನುವ ಮಾನದಂಡವೂ ಇದೆ. ಕೊಳ್ಳುವಾಗ ಆ ಮಾನದಂಡಕ್ಕೆ ತಕ್ಕದ್ದಾ, ಚೀಲ ಯಾವ ತಿಂಗಳಿನದು ಅಂತ ಕೇಳಿ. ಹಳೇ ಚೀಲ ಗಟ್ಟಿಯಾಗಿ ಉಂಡೆ ಕಟ್ಟಿರುತ್ತದೆ. ಬೆಲೆ ಬಿಸಿ ಟಾರಿಗಿಂತ ಸಾಕಷ್ಟು ಜಾಸ್ತಿ. ಎರಡಡಿ ಉದ್ದ, ಎರಡಡಿ ಅಗಲ, 6 ಸೆಂ.ಮೀ ಆಳದ ಹೊಂಡಕ್ಕೆ 25 ಕೆ.ಜಿಯ ಎರಡು ಚೀಲ ಬೇಕಾಗುತ್ತದೆ. ಆಳದ ಹೊಂಡವನ್ನು ಪೂರ್ತಿ ಇದರಲ್ಲೇ ತುಂಬಿದರೆ ಹಣ ಹೋಗುವುದು ಮಾತ್ರವಲ್ಲ, ಒಳಗೆ ಮೆತ್ತಗೇ ಉಳಿದು ಚಕ್ರದ ಕೆಳಗೆ ಅಲುಗುತ್ತದೆ.

ಶಾಲೆ ವ್ಯಾನ್ ಬರಬೇಕಲ್ಲ, ಆದ್ದರಿಂದ ಈ ಆಶ್ಲೇಷ, ಮಘೆ ಮಳೆಯ ನಡುವೆ ಮಾಡಬಹುದಾದದ್ದು ಇಷ್ಟು. ಹೊಂಡದ ನೀರು ತೋಡಿ ಹಾಕಿ. ಕೆಸರು, ಹೋದ ಸಲದ ಮಣ್ಣು, ಹೆಂಚಿನ ಚೂರು ಎಲ್ಲ ಎತ್ತಿ. ಕೆಂಪು ಮಣ್ಣು ನೀರು ಹಿಡಿದಿಟ್ಟುಕೊಂಡು ಬುಡವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಹೆಂಚು, ಇಟ್ಟಿಗೆ ಚಕ್ರಕ್ಕೆ ಪುಡಿಯಾಗಿ ಅದೂ ಕೆಸರೇ ಆಗುತ್ತದೆ. ಒಂದೂವರೆ ಇಂಚಿನ ಜಲ್ಲಿಗೆ ಕ್ರಷರ್ ಪುಡಿ ಬೆರೆಸಿ ಪದರ ಪದರವಾಗಿ ಹಾಕಿ, ಭಾರದ ದಿಮ್ಮಸಿನಲ್ಲಿ ಬಡಿಯಿರಿ. ಮೇಲೆ 5-6 ಸೆಂ.ಮೀ ಜಾಗ ಬಿಡಿ. ಅದಕ್ಕೆ ಚೀಲದ ಮಿಕ್ಸ್ ತುಂಬಿ ದಿಮ್ಮಸು ಮಾಡಿ, ಟ್ರ್ಯಾಕ್ಟರ್ ಚಕ್ರವನ್ನು ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಓಡಿಸಿ. ಕೊನೆಗೆ ತೇಪೆ ಸುತ್ತಲಿನ ಟಾರಿಗಿಂತ ಅರ್ಧ ಸೆಂ.ಮೀನಷ್ಟು ಮಾತ್ರ ಎತ್ತರ ಇರಲಿ. ಅಂಚನ್ನು ಚೌಕವಾಗಿ ಕತ್ತರಿಸಲೇಬೇಕಾ ಅಂತ ಕೇಳುತ್ತಾರೆ. ಕತ್ತರಿಸಿದರೆ ಒಳ್ಳೆಯದು. ಆದರೆ 1990ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಮಿಕ್ಸ್ ಒಳ್ಳೆಯದಿದ್ದು ಚಕ್ರದಿಂದ ಚೆನ್ನಾಗಿ ತುಳಿಸಿದರೆ ಕತ್ತರಿಸದ ತೇಪೆಯೂ ಹೆಚ್ಚಿನ ಕಡೆ ಕತ್ತರಿಸಿದ್ದರಷ್ಟೇ ಬಾಳಿತು ಅಂತ ಕಂಡಿದೆ. ಮಳೆಯಲ್ಲಿ ಮಾಡುವ ತುರ್ತು ಕೆಲಸಕ್ಕೆ ಇದು ಸಮಾಧಾನದ ಮಾತು.

ಮಿಕ್ಸಿಗೆ ಹಣ ಸಾಲದಿದ್ದರೆ ಬರೀ ಜಲ್ಲಿ, ಕ್ರಷರ್ ಪುಡಿ ತುಂಬಿ ಬಡಿದರೂ ಸಾಕು. ಆಗಾಗ ಮೇಲೆ ತುಂಬುತ್ತಿರಬೇಕು, ಅಷ್ಟೇ. ಧರೆ ತಿರುವಿನಲ್ಲಿ ನಾನಾದರೆ ಈ ಮಳೆಗಾಲ ಇದನ್ನೇ ಮಾಡುತ್ತೇನೆ. ಕೆಳಗೆ ಜಲ ಏಳುವ ಕಡೆ ದುಬಾರಿ ಮಿಕ್ಸ್ ಬೇಡ.

ಕಾಂಕ್ರೀಟ್ ಹಾಗೇ ನಿಂತು ಸುತ್ತಲಿನ ಟಾರು ಕಿತ್ತು ಹೋಗಿದೆ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಇದೆ. ಟಾರು ರಸ್ತೆ ಚಕ್ರದ ಕೆಳಗೆ ಕೂದಲೆಳೆಯಷ್ಟು ಬಗ್ಗಿ ಮತ್ತೆ ಏಳುತ್ತದೆ. ಕಾಂಕ್ರೀಟ್ ತುಂಡು ಬಗ್ಗುವುದಿಲ್ಲ. ಎರಡರ ನಡುವಿನ ಗೆರೆ ಬಾಯಿ ಬಿಡುತ್ತದೆ, ನೀರು ಅಲ್ಲಿಂದ ಇಳಿಯುತ್ತದೆ. ಚಕ್ರ ಕಾಂಕ್ರೀಟಿನಿಂದ ಇಳಿಯುವಾಗ ಪಕ್ಕದ ಟಾರಿಗೆ ಪೆಟ್ಟು ಬೀಳುತ್ತದೆ. ಈಗ ಅದನ್ನು ಕೀಳಬೇಡಿ, ಶಾಶ್ವತ ತೇಪೆ ಹಾಕುವಾಗ ಕಿತ್ತರೆ ಸಾಕು.

ಇಡೀ ರಸ್ತೆಗೆ ಕಾಂಕ್ರೀಟ್ ಹಾಕುವುದು ಬೇರೆ ವಿಷಯ, ಅದು ತಪ್ಪಲ್ಲ. ಶಿರಾಡಿ ಘಾಟಿಯಲ್ಲಿ ಟಾರು ನಿಲ್ಲದೆ 2015 ಮತ್ತು 2018ರಲ್ಲಿ ಎರಡು ಹಂತವಾಗಿ ಕಾಂಕ್ರೀಟ್ ಹಾಕಿದರು. ಆದರೆ ಕಾಂಕ್ರೀಟಿಗೂ ಗಟ್ಟಿ ಬುಡ, ಚರಂಡಿ ಬೇಕೇ ಬೇಕು. ಬುಡದ ಮಣ್ಣು ಕೊಚ್ಚಿದರೆ ಚಪ್ಪಡಿ ಒಡೆಯುತ್ತದೆ, ಒಡೆದ ಚಪ್ಪಡಿಯ ರಿಪೇರಿ ಟಾರಿಗಿಂತ ಕಷ್ಟ. ಹಾಕಿದ ಮೇಲೆ ಕೆಲವು ವಾರ ಗಾಡಿ ಬಿಡುವಂತಿಲ್ಲ. ನಿಮಗೆ ಬೇರೆ ದಾರಿ ಇದೆಯಾ? ಆಮೇಲೆ ನಲ್ಲಿ ಪೈಪಿಗೆ ಅಂತ ಅಗೆದರೆ ಮುಚ್ಚುವುದೂ ಕಷ್ಟ. ನನ್ನ ಸಲಹೆ ಕೇಳಿದರೆ, ನೀರು ರಸ್ತೆ ದಾಟುವ ಮೂವತ್ತು ನಲವತ್ತು ಮೀಟರಿಗೆ, ಕಡಿದಾದ ಏರಿಗೆ ಮಾತ್ರ ಕಾಂಕ್ರೀಟ್ ಕೇಳಿ. ಅದನ್ನೂ ಒದ್ದೆ ಜಾಗ ಮುಗಿದ ಮೇಲೆ ಐದಾರು ಮೀಟರ್ ಮುಂದಕ್ಕೆ ಒಯ್ದು ನಿಲ್ಲಿಸಬೇಕು. ಟಾರು, ಕಾಂಕ್ರೀಟ್ ಸೇರುವ ಗೆರೆ ಒಣ ಜಾಗದಲ್ಲಿರಲಿ.

ಶಾಶ್ವತ ತೇಪೆಗೆ ಭೂಮಿ ಹುಣ್ಣಿಮೆ ಕಳೆದು ಮಳೆ ಪೂರ್ತಿ ನಿಲ್ಲಲಿ. ಆಗ ಹೊಂಡದ ಸುತ್ತ ಗಟ್ಟಿ ಟಾರು ಸಿಗುವವರೆಗೆ ಚೌಕವಾಗಿ, ಅಂಚು ನೇರ ನಿಲ್ಲುವಂತೆ ಕತ್ತರಿಸಬೇಕು. ಮೆತ್ತನೆಯ ಬುಡ ಪೂರ್ತಿ ತೆಗೆದು ಹೊಸ ಜಲ್ಲಿ ಕೂರಿಸಬೇಕು. ಧೂಳು ಗುಡಿಸಿ, ತಳಕ್ಕೂ ನಾಲ್ಕೂ ಅಂಚಿಗೂ ಎಮಲ್ಷನ್ (ನೀರಿನಲ್ಲಿ ಬೆರೆಸಿದ ತೆಳು ಟಾರು) ಹಚ್ಚಬೇಕು. ಅಂಚಿಗೆ ಹಚ್ಚುವುದನ್ನೇ ಹೆಚ್ಚಿನವರು ಬಿಡುತ್ತಾರೆ, ನೀರು ಇಳಿಯುವುದೂ ಅಲ್ಲೇ. ಮಿಶ್ರಣಕ್ಕೆ ಜಲ್ಲಿಯ ತೂಕದ ಶೇ. 2ರಷ್ಟು ಸುಣ್ಣದ ಪುಡಿ ಸೇರಿಸಲು ಇಂಜಿನಿಯರ್ ಹತ್ತಿರ ಕೇಳಿ. ಟಾರು ಕಲ್ಲನ್ನು ಬಿಡದ ಹಾಗೆ ಅದು ಹಿಡಿಯುತ್ತದೆ. ಬಿಸಿ ಮಿಕ್ಸ್ ತರಿಸುವುದಾದರೆ ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, 90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೇ 60 ಕಿ.ಮೀ. ಮೂರು ಹೊಂಡಕ್ಕೆ ಅರ್ಧ ಲೋಡ್ ತರಿಸಿದರೆ ದಾರಿಯಲ್ಲೇ ತಣ್ಣಗಾಗುತ್ತದೆ. ಅಕ್ಕಪಕ್ಕದ ಊರಿನ ಕೆಲಸವನ್ನೂ ಸೇರಿಸಿ ಒಂದೇ ದಿನ ತುಂಬು ಲೋಡ್ ತರಿಸಿ, ಮೇಲೆ ಟಾರ್ಪಾಲ್ ಕಟ್ಟಿಸಿ. ಹೊಂಡ ಮುಚ್ಚಿದ ಮೇಲೆ ಬೇಸಿಗೆಯಲ್ಲಿ ಇಡೀ ಉದ್ದಕ್ಕೆ ಸೀಲ್ ಕೋಟ್ ಕೇಳಿ. ಖರ್ಚಿಗೆ ತಕ್ಕ ಬಾಳಿಕೆ ಬರುವುದು ಅದರಲ್ಲೇ.

ಭಾರದ ಗಾಡಿಗಳ ಬಗ್ಗೆಯೂ ಪಂಚಾಯತಿಯಲ್ಲಿ ಮಾತಾಡಿ. ಆ್ಯಕ್ಸಲ್ ಮೇಲಿನ ಭಾರ ಶೇ. 20 ಜಾಸ್ತಿಯಾದರೆ ರಸ್ತೆಗೆ ಆಗುವ ಹಾನಿ ಶೇ. 20 ಅಲ್ಲ, ಹೆಚ್ಚುಕಡಿಮೆ ಎರಡು ಪಟ್ಟು. ಬುಡ ನೆನೆದಿರುವಾಗ ಇನ್ನೂ ಜಾಸ್ತಿ. ಅಕೇಶಿಯಾ ನಾಟಾ, ಕಲ್ಲು ಸಾಗಿಸುವುದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಿಸಿಡಲು ತೋಟದವರನ್ನು ಒಪ್ಪಿಸಿ.

ಕೊನೆಗೆ ಹುಡುಗರಿಗೆ ಒಂದು ಮಾತು. ಡ್ರಮ್ಮಿನಲ್ಲಿ ಟಾರು ಕಾಸಿ ನಾವೇ ಹಾಕುತ್ತೇವೆ ಅಂತ ಹೊರಟರೆ ದಯವಿಟ್ಟು ತಡೆಯಿರಿ. ಕಾದ ಟಾರಿಗೆ ನಾಲ್ಕು ಹನಿ ಮಳೆ ಬಿದ್ದರೂ ನೊರೆಯೆದ್ದು ಉಕ್ಕಿ ಮೈಮೇಲೆ ಬರುತ್ತದೆ. ತೆಳು ಮಾಡಲು ಸೀಮೆಎಣ್ಣೆ ಬೆರೆಸಿದರೆ ಬೆಂಕಿ ಹತ್ತುತ್ತದೆ. ಯಾರಿಗಾದರೂ ಟಾರು ತಗುಲಿದರೆ ಕಿತ್ತು ತೆಗೆಯಬೇಡಿ, ಚರ್ಮವೂ ಬರುತ್ತದೆ. ಇಪ್ಪತ್ತು ನಿಮಿಷ ತಣ್ಣೀರು ಹಾಕುತ್ತಾ ಇದ್ದು, ಟಾರು ಹಾಗೇ ಇರಲಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.